ಬಯಲುಸೀಮೆಯ ಎರಡು ಗುಡ್ಡಗಳು

ಜೈನಾಪುರದಿಂದ ಬಬಲೇಶ್ವರದತ್ತ ಹೋದರೂ ತಿಕೋಟಾದ ಕಡೆ ಹೊರಳಿದರೂ ಜೋಳದ ಹೊಲ, ದ್ರಾಕ್ಷಿ ಪಡ, ಅವುಗಳಾಚೆ ನೆಲಕ್ಕೆ ತಾಗಿದ ಮುಗಿಲು ಕಾಣುತ್ತವೆಯೇ ಹೊರತು ತ್ರಿಕೋನದಂಥ ಗುಡ್ಡಗಳ ಜೋಡಿ ಎಲ್ಲಿಯೂ ಎದುರಾಗುವುದಿಲ್ಲ. ಆದರೂ ಈ ಸೀಮೆಯ ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಹಾಳೆ ಕೊಟ್ಟು ಊರಿನ ಚಿತ್ರ ತೆಗೆಯೆಂದರೆ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ದಂಡೆಗೊಂದು ತೆಂಗಿನಮರ, ಮೇಲೆ ಎರಡೆರಡು ಗೀಟಿನ ಹಕ್ಕಿಗಳು ತಪ್ಪದೆ ಮೂಡುತ್ತವೆ. ಈ ಗುಡ್ಡಗಳ ಮೇಲೆ ಅಂಕಣಕ್ಕಿರುವ ಸಿಟ್ಟು ಓದುಗರಿಗೆ ಹೊಸತಲ್ಲ. ಈ ವಾರ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಯ ತೀರ್ಪುಗಾರಿಕೆಯನ್ನು ಚರ್ಚಿಸುವುದೆಂದು ನಿಶ್ಚಯವಾಗಿತ್ತಾದರೂ ಗುಡ್ಡದ ಬಾಕಿ ಚುಕ್ತಾ ಆಗದೆ ಮುಂದಿನ ಮಾತಿಗೆ ಹೋಗುವಂತಿಲ್ಲ.

ವಿಯೆನ್ನಾದ ಅಂಧಮಕ್ಕಳ ಸಂಸ್ಥೆಯಲ್ಲಿ ಕಲೆ ಕಲಿಸಿ ಮುಂದೆ ಅಮೆರಿಕಕ್ಕೆ ತೆರಳಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ‘ಕ್ರಿಯೇಟಿವ್ ಅಂಡ್ ಮೆಂಟಲ್ ಗ್ರೋತ್’ ಗ್ರಂಥವು ಈ ರೋಗದ ಮೂಲವನ್ನು ಹಕ್ಕಿಯ ಚಿತ್ರದಿಂದಲೇ ತೋರಿಸುತ್ತದೆ: ತನ್ನದೇ ರೀತಿಯಲ್ಲಿ ಹಕ್ಕಿ ಬರೆಯುತ್ತಿದ್ದ ಮಗು ಅಚ್ಚಾದ ಹಕ್ಕಿಗೆ ಬಣ್ಣ ತುಂಬಿದ ಮೇಲೆ ತನ್ನ ಹಕ್ಕಿಯನ್ನು ಮರೆತು ಪುಸ್ತಕದ ಹಕ್ಕಿಯನ್ನೇ ಬರೆಯತೊಡಗುತ್ತದೆ. ಸುಮಾರು ಏಳರಿಂದ ಒಂಬತ್ತು ವರ್ಷದ ಮಗು ಮನುಷ್ಯನಿಗೆ, ಮರಕ್ಕೆ, ಮನೆಗೆ ತನ್ನದೇ ಆದ ಒಂದೊಂದು ನಿಶ್ಚಿತ ರೂಪವನ್ನು ಕಂಡುಕೊಳ್ಳುವ ಹಂತವನ್ನು ಲೋವೆನ್‌ಫೆಲ್ಡ್ ‘ಸ್ಕೀಮಾ’, ಅಂದರೆ ಮಗುವೇ ಕಟ್ಟಿಕೊಂಡ ರೂಪಸೂತ್ರ, ಎಂಬ ಮಾತಿನಿಂದ ಗುರುತಿಸುತ್ತಾನೆ. ಸರಿಯಾಗಿ ಆ ವಯಸ್ಸಿನಲ್ಲಿಯೇ ನಮ್ಮ ಶಾಲೆಗಳ ಕರಿಹಲಗೆಯ ಮೇಲೆ ಗುಡ್ಡಗಳು ಏಳುತ್ತವೆ. ಛದ್ಮವೇಷದ ಸ್ಪರ್ಧೆಯಲ್ಲೂ ಇದೇ ಎರವಲಿನ ರೋಗ: ಬಾಡಿಗೆಯ ಕಿರೀಟ ತೊಟ್ಟು ದೊಡ್ಡವರು ಬರೆದುಕೊಟ್ಟ ನಾಲ್ಕು ಸಾಲು ಒಪ್ಪಿಸಿ ಇಳಿದುಬರುವ ಮಗುವಿನ ಪಾಲಿಗೆ ಅಲ್ಲಿ ಉಳಿಯುವುದು ಬೆವರೊಂದೇ.

ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲೆಗೆಂದೇ ಶಿಕ್ಷಕರಿರುವುದು ಅಪರೂಪ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಉತ್ತರ ಕರ್ನಾಟಕದ ಪಂಚಾಂಗವೇ ಆ ಕೊರತೆಯನ್ನು ಅರ್ಧ ತುಂಬಿಕೊಡುತ್ತದೆ. ಶಾಲೆ ಆರಂಭವಾದ ಹೊಸತರಲ್ಲಿಯೇ ಕಾರಹುಣ್ಣಿಮೆ, ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತವೆ. ಗುಳ್ಳವ್ವನೆಂದರೆ ಮಕ್ಕಳೇ ಮಣ್ಣಿನಿಂದ ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಹಾಡಿಕೊಂಡು ಮನೆಮನೆಗೆ ಒಯ್ಯುವ ದೇವತೆ. ಶಿಲ್ಪ, ಅಲಂಕಾರ, ಹಾಡು, ನಡಿಗೆ ನಾಲ್ಕೂ ಒಂದರಲ್ಲೇ ಕೂಡಿರುವ ಇಂಥ ಪಾಠವನ್ನು ಯಾವ ಪಠ್ಯಕ್ರಮ ಸಮಿತಿಯೂ ರಚಿಸಿದ್ದಲ್ಲ. ಮಳೆ ತಡವಾದರೆ ರೊಟ್ಟಿ ಹಂಚಿನ ಮೇಲೆ ಗುರ್ಜಿ ಎಂಬ ಸಗಣಿಯ ಮೂರ್ತಿಯನ್ನಿಟ್ಟು ತಲೆಯ ಮೇಲೆ ಹೊತ್ತು ತಿರುಗಿ, ಪ್ರತಿ ಬಾಗಿಲಲ್ಲಿ ನೀರು ಸುರಿಸಿಕೊಳ್ಳುವ ಆಟವೂ ಇದೇ ಜಾತಿಯ ನಾಟಕ.

ಮಣ್ಣೆತ್ತನ್ನು ಹತ್ತಿರದಿಂದ ನೋಡಿದವರಿಗೆ ಲೋವೆನ್‌ಫೆಲ್ಡ್‌ನ ಇನ್ನೊಂದು ಮಾತು ತಾನಾಗಿ ತಿಳಿಯುತ್ತದೆ. ಕೆಲವು ಮಕ್ಕಳು ಒಂದೇ ಮುದ್ದೆಯಿಂದ ಕಾಲು, ಕೋಡು, ಇಣಿಗಳನ್ನು ಹೊರಕ್ಕೆ ಎಳೆಯುತ್ತಾರೆ. ಇದು ಇಡಿಯಿಂದ ಬಿಡಿಗೆ ಸಾಗುವ ವಿಶ್ಲೇಷಣದ ವಿಧಾನ. ಇನ್ನು ಕೆಲವರು ಕಾಲುಗಳನ್ನು ಬೇರೆಯಾಗಿ ಹೊಸೆದು ಮೈಗೆ ಅಂಟಿಸುತ್ತಾರೆ. ಇದು ಬಿಡಿಗಳಿಂದ ಇಡಿಯನ್ನು ಕಟ್ಟುವ ಸಂಶ್ಲೇಷಣದ ವಿಧಾನ. ಎರಡೂ ಮಗುವಿನ ಯೋಚನೆಯ ದಾರಿಗಳಾದುದರಿಂದ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನುವ ಅಧಿಕಾರ ಶಿಕ್ಷಕನಿಗಿಲ್ಲ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಯರಿ ಮಣ್ಣು ಮಾತ್ರ ಅಂಟಿಸಿದ ಕಾಲನ್ನು ಬೆಸುಗೆಯಲ್ಲೇ ಬಿಡಿಸುತ್ತದೆ. ಆಗ ಜೋಳದ ದಂಟಿನ ಸಿಬರನ್ನು ಒಳಗೆ ಚುಚ್ಚಿ ಕೂಡಿಸಬೇಕೆಂಬುದನ್ನು ಮಗು ಎರಡನೆಯ ಎತ್ತಿನ ಹೊತ್ತಿಗೆ ತಾನೇ ಕಂಡುಕೊಳ್ಳುತ್ತದೆ. ಪೇಟೆಯಲ್ಲಿ ಸಿಗುವ ಅಚ್ಚಿನ ಎತ್ತುಗಳು ಬಿರಿಯುವುದೂ ಇಲ್ಲ, ಏನನ್ನೂ ಕಲಿಸುವುದೂ ಇಲ್ಲ.

ಇದೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಹೆಣ್ಣುಮಕ್ಕಳ ಹಾಡಿಗೆ ಸಾಹಿತ್ಯದ ಮಾನ ದೊರಕಿಸಿದರು. ಮಕ್ಕಳ ಮಣ್ಣಿನ ಕೆಲಸಕ್ಕೆ ಅಂಥ ಗೆಳೆಯರು ಸಿಗಲಿಲ್ಲ. ಹಾಡನ್ನು ಬರೆದಿಡಬಹುದು, ಪೂಜೆ ಮುಗಿದ ಎತ್ತು ನೀರು ಸೇರುತ್ತದೆ. ಪ್ರೀತಿಯ ವಸ್ತುವಿಗೆ ಹೆಸರಿಡುವುದರಲ್ಲಿ ಈ ನೆಲದ ದೊರೆಗಳಲ್ಲಿ ಮಕ್ಕಳ ಮನಸ್ಸಿಗೆ ಎಲ್ಲರಿಗಿಂತ ಹತ್ತಿರವಿದ್ದವನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಎನ್ನಬೇಕು: ‘ಕಿತಾಬ್-ಎ-ನವರಸ್’ ಎಂಬ ರಾಗಬದ್ಧ ಗೀತೆಗಳ ಕೃತಿಯಲ್ಲಿ ಸರಸ್ವತಿ, ಗಣಪತಿಯರ ಜೊತೆಗೆ ತನ್ನ ತಂಬೂರಿಯನ್ನೂ ಆನೆಯನ್ನೂ ಅವನು ಹಾಡಿದ್ದಾನೆ, ತಂಬೂರಿಯ ಹೆಸರು ಮೋತಿಖಾನ್, ಆನೆಯದು ಆತಶ್‌ಖಾನ್. ತಾನು ಮಾಡಿದ ಎತ್ತಿಗೆ ಹೆಸರಿಡದ ಮಗು ಇರುವುದು ಕಷ್ಟ, ಆ ಹೆಸರನ್ನು ಕೇಳಿ ಕರಿಹಲಗೆಯ ಮೇಲೆ ಬರೆಯುವ ಶಿಕ್ಷಕನಿಗೆ ಆ ದಿನದ ಕನ್ನಡದ ಪಾಠವೂ ಪುಕ್ಕಟೆಯಾಗಿ ಸಿಗುತ್ತದೆ.

ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿಗೆ ಅಂಕ ಹಾಕುವವರ ವಿಚಾರ ಮುಂದಿನ ವಾರಕ್ಕೆ ಉಳಿಯಿತು. ಅಷ್ಟರಲ್ಲಿ ಶಾಲೆಯ ಕಿಟಕಿಯ ಮೇಲಿಟ್ಟ ಎತ್ತುಗಳೂ ಒಣಗಿರುತ್ತವೆ.