ಮಿಕ್ಕ ಮರದ ಭರಣಿ: ಏಳು ಸಾಲಿಗೆ ವ್ಯಾಖ್ಯಾನ

ಚನ್ನಪಟ್ಟಣದ ಬಣ್ಣದ ಗೊಂಬೆ ಎಲ್ಲರಿಗೂ ಗೊತ್ತು. 2005–06ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅದೇ ಲೇತಿನ ಮೇಲೆ, ಅದೇ ಉಳಿ ಮತ್ತು ಅರಗಿನಿಂದ ಹುಟ್ಟುವ ಮುಚ್ಚಳದ ಭರಣಿಗೆ ಅಷ್ಟು ಹೆಸರಿಲ್ಲ. ಆದರೆ ಕೈಕೆಲಸ ಬಲ್ಲವರು ಅಂಗಡಿಗೆ ಬಂದರೆ ಮೊದಲು ಎತ್ತಿ ನೋಡುವುದು ಭರಣಿಯನ್ನೇ. ಗೊಂಬೆಯ ತಲೆ ಕೂದಲೆಳೆಯಷ್ಟು ಸೊಟ್ಟಗಾದರೆ ಯಾರಿಗೂ ತಿಳಿಯುವುದಿಲ್ಲ. ಭರಣಿಯ ಬಾಯಿ ಅಷ್ಟು ಸೊಟ್ಟಗಾದರೂ ಮುಚ್ಚಳ ಕೂರುವುದಿಲ್ಲ.

ಗೊಂಬೆಯ ಅಳತೆಗೆ ದಿಮ್ಮಿ ಕೊಯ್ದ ಮೇಲೆ ಗೇಣುದ್ದ, ಚೋಟುದ್ದ ತುಂಡುಗಳು ಉಳಿಯುತ್ತವೆ. ಬಡಗಿಯ ಅಂಗಡಿಯಲ್ಲಿ ಬಾಗಿಲ ಚೌಕಟ್ಟು ಮುಗಿದ ಮೇಲೂ ಹಾಗೆಯೇ. ಆ ತುಂಡುಗಳಿಂದ ಭರಣಿ ಕಡೆಯಲು ಕಲಿಯುವವರಿಗೆ ಬಾಯಿಪಾಠಕ್ಕೆ ಅನುಕೂಲವಾಗಲೆಂದು ಏಳು ಸಾಲು ಕಟ್ಟಿದ್ದೇನೆ. ಮೊದಲು ಮೂಲ, ಆಮೇಲೆ ವ್ಯಾಖ್ಯಾನ.

ಒಲೆಗೆ ಹೋಗುವ ತುಂಡಿನ ತಲೆ ನೋಡು ಮೊದಲು.
ತಿರುಳ ಬಿಡು, ನಾರ ನಿಲ್ಲಿಸು, ಗಂಟ ಕೇಳಿ ಮುಟ್ಟು.
ಅರ್ಧ ನೀ ಕಡೆದಿಡು, ಮಿಕ್ಕರ್ಧ ಗಾಳಿ ಕಡೆಯಲಿ.
ಮುಚ್ಚಳದ ಬಾಯಿ ಮೊದಲು, ಭರಣಿಯ ಕಂಠ ಆಮೇಲೆ.
ಸಂದು ಅಳಿಯದು, ಗೆರೆಗಳ ನಡುವೆ ಸೇರಿಸು.
ಅರಗು ಬೆಂಕಿಗಲ್ಲ, ಸುತ್ತಿಗೆ ಕರಗಲಿ.
ಬಿಗಿ ಎಷ್ಟೆಂದು ತೆರೆಯುವ ಕೈಯನ್ನು ಕೇಳು.

1. ಒಲೆಗೆ ಹೋಗುವ ತುಂಡಿನ ತಲೆ ನೋಡು ಮೊದಲು.

ತಲೆ ಎಂದರೆ ತುಂಡಿನ ಕೊಯ್ದ ಕೊನೆ, ಉಂಗುರಗಳು ಕಾಣುವ ಮುಖ. ಮರ ಒಣಗುವುದು ಈ ಮುಖದಿಂದಲೇ ಹೆಚ್ಚು, ಆದ್ದರಿಂದ ಬಿರುಕು ಮೊದಲು ಬೀಳುವುದೂ ಇಲ್ಲಿಯೇ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ನೀರು ಬಿರುಕಿಗೆ ಇಳಿದು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಗೆರೆ ಎಷ್ಟು ಆಳವೆಂದು ತಿಳಿಯಲು ಬೆರಳಗಲ ಕೊಯ್ದು ಮತ್ತೆ ಒರೆಸಬೇಕು. ಗೆರೆ ಮಾಯವಾದರೆ ತುಂಡು ಭರಣಿಗೆ ಬಂತು, ಉಳಿದರೆ ಒಲೆಗೆ.

ಯಾವ ಮರವೆಂಬುದೂ ತಲೆಯಲ್ಲೇ ಗೊತ್ತಾಗುತ್ತದೆ. ಚನ್ನಪಟ್ಟಣದ ಹಾಲೆ ಮರ, ಅಂದರೆ ಸಸ್ಯಶಾಸ್ತ್ರದ ರೈಟಿಯಾ ಟಿಂಕ್ಟೋರಿಯಾ, ಬೆಳ್ಳಗೆ, ನುಣ್ಣಗೆ, ರಂಧ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಆಂಧ್ರದ ಏಟಿಕೊಪ್ಪಾಕದಲ್ಲಿ ಅರಗಿನ ಬೊಂಬೆಗೆ ಬಳಸುವುದೂ ಇದೇ ಮರವನ್ನು. ಬಡಗಿಯ ಅಂಗಡಿಯ ತೇಗದಲ್ಲಿ ರಂಧ್ರ ದೊಡ್ಡದು, ಜೊತೆಗೆ ಉಳಿಯ ಬಾಯನ್ನು ಬೇಗ ಮೊಂಡಾಗಿಸುವ ಮರಳಿನಂಥ ಅಂಶವೂ ಇರುತ್ತದೆ. ಹಲಸು ಕಡೆದಾಗ ಅರಿಸಿನ ಬಣ್ಣ, ಬೆಳಕು ತಾಕುತ್ತ ಕಂದು. ಹೊನ್ನೆ ನೀರು ಸೋಕಿದರೆ ಬಣ್ಣ ಬಿಡುತ್ತದೆ. ಮಾವು ಸುಲಭವಾಗಿ ಸಿಗುತ್ತದೆ, ಆದರೆ ಕುಟ್ಟೆ ಹಿಡಿದಿದೆಯೇ ಎಂದು ನೋಡಲೇಬೇಕು. ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡನ್ನು ಬೇರೆ ಮರದ ಹತ್ತಿರವೂ ಇಡಬಾರದು.

2. ತಿರುಳ ಬಿಡು, ನಾರ ನಿಲ್ಲಿಸು, ಗಂಟ ಕೇಳಿ ಮುಟ್ಟು.

ಮೂರು ಅಪ್ಪಣೆಗಳಲ್ಲಿ ಮೊದಲಿನದಕ್ಕೆ ವಿನಾಯಿತಿ ಇಲ್ಲ. ಕೊಂಬೆಯ ನಟ್ಟನಡುವಿನ ತಿರುಳು ಭರಣಿಯ ತಳದಲ್ಲಿ ಉಳಿದರೆ ಇಂದಲ್ಲ ನಾಳೆ ಅಲ್ಲಿಂದ ನಕ್ಷತ್ರದಂತೆ ಸೀಳುತ್ತದೆ. ತೋಳಿನ ಗಾತ್ರದ ಕೊಂಬೆಯಾದರೆ ನಡುವೆ ಸೀಳಿ ಎರಡು ಸಣ್ಣ ಭರಣಿ ಮಾಡುವುದೇ ಜಾಣತನ. ದೊಡ್ಡದೊಂದು ಭರಣಿಯ ಆಸೆಗೆ ತಿರುಳನ್ನು ಒಳಗಿಟ್ಟುಕೊಂಡರೆ ಕೊನೆಗೆ ಒಂದೂ ಉಳಿಯುವುದಿಲ್ಲ.

ನಾರು ನಿಲ್ಲಿಸುವುದೆಂದರೆ, ಮರ ನೆಟ್ಟಗೆ ಬೆಳೆದ ದಿಕ್ಕು ಲೇತಿನ ಅಚ್ಚಿನ ಉದ್ದಕ್ಕೆ ಬರುವಂತೆ ತುಂಡನ್ನು ಹಿಡಿಸುವುದು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುವುದು ಹೆಚ್ಚು. ನಾರು ಅಡ್ಡ ಮಲಗಿದ್ದರೆ ಬಾಯಿಯ ಒಂದು ಅಳತೆ ಹಾಗೇ ಉಳಿದು ಇನ್ನೊಂದು ಕುಗ್ಗಿ ದುಂಡು ಬಾಯಿ ಮೊಟ್ಟೆಯಾಕಾರವಾಗುತ್ತದೆ. ಮುಚ್ಚಳವಿಲ್ಲದ ಬಟ್ಟಲಿಗೆ ಇದು ಚೆಂದವೂ ಹೌದು. ಮುಚ್ಚಳವಿದ್ದರೆ ಕೆಲಸ ಕೆಟ್ಟಂತೆಯೇ.

ಗಂಟಿನ ಹತ್ತಿರ ನಾರು ಸುತ್ತಿಕೊಂಡು ಒಳ್ಳೆಯ ಚಿತ್ತಾರ ಕೊಡುತ್ತದೆ. ಕೇಳುವುದೆಂದರೆ ಬೆರಳಿಂದ ತಟ್ಟುವುದು: ಗಟ್ಟಿ ಗಂಟು ಮರದ ಜೊತೆ ಒಂದೇ ಸದ್ದು ಕೊಡುತ್ತದೆ, ಸತ್ತ ಗಂಟು ಟೊಳ್ಳಾಗಿ ಬೇರೆ ಸದ್ದು. ಗಟ್ಟಿ ಗಂಟನ್ನು ಹೊಟ್ಟೆಯ ಭಾಗಕ್ಕೆ ಬರುವಂತೆ ಹೊಂದಿಸಿಕೊಳ್ಳಬಹುದು. ಕಂಠಕ್ಕೆ ಮಾತ್ರ ಬರಬಾರದು, ಅಲ್ಲಿ ಮರ ತೆಳ್ಳಗೆ.

3. ಅರ್ಧ ನೀ ಕಡೆದಿಡು, ಮಿಕ್ಕರ್ಧ ಗಾಳಿ ಕಡೆಯಲಿ.

ಏಳರಲ್ಲಿ ಹೆಚ್ಚು ಜನ ಹಾರಿಸುವ ಸಾಲು ಇದು. ಮಿಕ್ಕ ತುಂಡಿನ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ತೇವ ಶೇಕಡ 30ರ ಆಸುಪಾಸಿಗಿಂತ ಕೆಳಗಿಳಿದ ಮೇಲೆಯೇ ಮರ ಕುಗ್ಗತೊಡಗುವುದು, ಅದೂ ಎಲ್ಲ ಕಡೆ ಒಂದೇ ಸಮನಲ್ಲ. ಉಂಗುರದ ಸುತ್ತಿನ ಉದ್ದಕ್ಕೆ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು.

ಲೆಕ್ಕ ಹಾಕಿ ನೋಡೋಣ. ಬಾಯಿಯ ಅಗಲ 60 ಮಿಲಿಮೀಟರ್ ಇದ್ದು, ಒಣಗುತ್ತ ಒಂದು ದಿಕ್ಕಿಗೆ ಶೇಕಡ 2, ಇನ್ನೊಂದು ದಿಕ್ಕಿಗೆ ಶೇಕಡ 1ರಷ್ಟು ಕುಗ್ಗಿತೆಂದುಕೊಳ್ಳಿ. ಒಂದು ಕಡೆ 1.2 ಮಿಲಿಮೀಟರ್, ಇನ್ನೊಂದು ಕಡೆ 0.6. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಬರೆಯುವ ಕಾಗದದ ಐದಾರು ಹಾಳೆಯ ದಪ್ಪ. ಕಣ್ಣಿಗೆ ಕಾಣದ ಈ ವ್ಯತ್ಯಾಸಕ್ಕೇ ಮುಚ್ಚಳ ಒಂದು ತಿರುವಿನಲ್ಲಿ ಸಲೀಸಾಗಿ ಕೂತು, ಇನ್ನೊಂದು ತಿರುವಿನಲ್ಲಿ ಸಿಕ್ಕಿಕೊಳ್ಳುವುದು.

ಪರಿಹಾರ ಇಷ್ಟೇ: ಮುಚ್ಚಳ ಮತ್ತು ಹೊಟ್ಟೆಯನ್ನು ಬೇರ್ಪಡಿಸಿ, ಒಳಗನ್ನು ದಪ್ಪ ಗೋಡೆ ಬಿಟ್ಟು ತೋಡಿ, ಎತ್ತಿಡುವುದು. ತೋಡಿದ ಮರ ಇಡೀ ತುಂಡಿಗಿಂತ ಬೇಗ ಒಣಗುತ್ತದೆ, ಒಳಗಿನ ಬಿಗುವೂ ಬಿಡುತ್ತದೆ. ಇಡುವ ಜಾಗ ನೆರಳಾಗಿರಬೇಕು, ಗಾಳಿಯಾಡಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ಹಾಲೆಯಂಥ ಬಿಳಿ ಮರವನ್ನು ಮುಗ್ಗಲು ಜಾಗದಲ್ಲಿಟ್ಟರೆ ಬೂಷ್ಟು ಹಿಡಿದು ನೀಲಿಗಟ್ಟುತ್ತದೆ.

ಇಲ್ಲೊಂದು ಶಂಕೆ: ಯಾವಾಗ ಒಣಗಿತೆಂದು ತಿಳಿಯುವುದು ಹೇಗೆ? ಸಮಾಧಾನ: ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತೂಕವನ್ನು ತುಂಡಿನ ಮೇಲೇ ಪೆನ್ಸಿಲಿನಿಂದ ಬರೆದಿಟ್ಟು, ವಾರಕ್ಕೊಮ್ಮೆ ತೂಗಿ. ಇಳಿಯುತ್ತಿದ್ದರೆ ಒಣಗುತ್ತಿದೆ, ವಾರವಾರವೂ ಒಂದೇ ತೂಕ ಬಂದರೆ ಮನೆಯ ಗಾಳಿಗೆ ಹೊಂದಿಕೊಂಡಿತು ಎಂದರ್ಥ.

4. ಮುಚ್ಚಳದ ಬಾಯಿ ಮೊದಲು, ಭರಣಿಯ ಕಂಠ ಆಮೇಲೆ.

ಇದು ಕೈಗೆ ಸಂಬಂಧಿಸಿದ ನಿಯಮ. ಒಳಗಿನ ಅಳತೆಯನ್ನು ತಿದ್ದುವುದು ಕಷ್ಟ, ಹೊರಗಿನದನ್ನು ತಿದ್ದುವುದು ಸುಲಭ. ಆದ್ದರಿಂದ ಮುಚ್ಚಳದ ಒಳಬಾಯಿಯನ್ನು ಮೊದಲು ಮುಗಿಸಿಬಿಡಬೇಕು. ಗೋಡೆ ನೆಟ್ಟಗಿರಬೇಕು. ಒಳಕ್ಕೆ ಹೋದಂತೆ ಕಿರಿದಾದರೆ ಮುಚ್ಚಳ ಅಂಚಿನಲ್ಲಿ ಮಾತ್ರ ಕಚ್ಚಿ, ನಾಲ್ಕು ಸಲ ತೆರೆಯುವಷ್ಟರಲ್ಲಿ ಸಡಿಲವಾಗುತ್ತದೆ.

ಆಮೇಲೆ ಹೊಟ್ಟೆಯನ್ನು ಲೇತಿಗೆ ಹಿಡಿಸಿ ಕಂಠ ಕಡೆಯುವುದು. ಮೊದಲು ತುದಿಯಲ್ಲಿ ಮಾತ್ರ ಸ್ವಲ್ಪ ಇಳಿಜಾರು ಮಾಡಿ, ಲೇತ್ ನಿಲ್ಲಿಸಿ, ಮುಚ್ಚಳವನ್ನು ಒತ್ತಿ ಒಂದು ಸುತ್ತು ತಿರುಗಿಸಬೇಕು. ಉಜ್ಜಿದ ಜಾಗ ಮಿರುಗುತ್ತದೆ. ಆ ಮಿರುಗಿನಷ್ಟೇ ಬಾಯಿಯ ನಿಜವಾದ ಅಳತೆ. ಉಳಿಯನ್ನು ಅದರ ಮಟ್ಟಕ್ಕೆ ಹಿಡಿದು ಕಂಠದ ಉಳಿದ ಭಾಗವನ್ನು ಇಳಿಸುತ್ತ ಬರಬೇಕು. ಸ್ಕೇಲು, ಕ್ಯಾಲಿಪರ್ ಇದ್ದರೆ ಒಳ್ಳೆಯದು, ಆದರೆ ಕೊನೆಯ ತೀರ್ಪು ಮಿರುಗಿನದು.

ಕಂಠ ಗಿಡ್ಡವಾಗಿರಲಿ ಎಂಬುದಕ್ಕೂ ಕಾರಣವಿದೆ. ಮುಚ್ಚಳವೂ ಹೊಟ್ಟೆಯೂ ಒಂದೇ ತುಂಡಿನವು. ಮುಚ್ಚಿದಾಗ ನಾರಿನ ಗೆರೆ ಕೆಳಗಿಂದ ಮೇಲಕ್ಕೆ ಹರಿದಂತೆ ಕಾಣಬೇಕು. ಬೇರ್ಪಡಿಸುವಾಗ ಕೊಯ್ದ ದಪ್ಪ, ಕಂಠಕ್ಕೆ ಹೋದ ಎತ್ತರ, ಎರಡೂ ಸೇರಿ ನಡುವಿನ ಚಿತ್ತಾರವನ್ನು ತಿಂದುಹಾಕುತ್ತವೆ. ಕಂಠ ಉದ್ದವಾದಷ್ಟೂ ಗೆರೆ ತಪ್ಪುತ್ತದೆ.

5. ಸಂದು ಅಳಿಯದು, ಗೆರೆಗಳ ನಡುವೆ ಸೇರಿಸು.

ಮುಚ್ಚಳ ಕೂರಿಸಿಯೇ ಹೊರಮೈಯನ್ನು ಒಟ್ಟಿಗೆ ಕಡೆಯುವುದು ರೂಢಿ. ಅಂದು ಸಂದು ಕಾಣುವುದೇ ಇಲ್ಲ, ಬೆರಳಾಡಿಸಿದರೂ ಸಿಗುವುದಿಲ್ಲ. ಆದರೆ ಮಳೆಗಾಲ ಬಂದರೆ ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮುಚ್ಚಳವೂ ಹೊಟ್ಟೆಯೂ ಒಂದೇ ಪ್ರಮಾಣದಲ್ಲಿ ಉಬ್ಬುವುದಿಲ್ಲ, ಯಾಕೆಂದರೆ ಗೋಡೆಯ ದಪ್ಪ ಬೇರೆ. ಒಂದು ಅಂಚು ಇನ್ನೊಂದಕ್ಕಿಂತ ಉಗುರಿಗೆ ತಾಗುವಷ್ಟು ಹೊರಗೆ ಬರುತ್ತದೆ.

ಅದಕ್ಕೇ ಸಂದಿನ ಮೇಲೆ ಕೆಳಗೆ ಉಳಿಯ ಮೊನೆಯಿಂದ ಒಂದೊಂದು ಗೆರೆ ಕೊರೆಯುವುದು, ಅಥವಾ ಸಣ್ಣ ಮಣಿಯಂಥ ಉಬ್ಬು ಬಿಡುವುದು. ಮೂರು ಗೆರೆಗಳಲ್ಲಿ ನಡುವಿನದು ಸಂದೆಂದು ಕಣ್ಣಿಗೆ ಹೊಳೆಯುವುದಿಲ್ಲ. ನೋಡುವವರು ಅಲಂಕಾರವೆನ್ನುತ್ತಾರೆ. ಮಾಡಿದವರಿಗೆ ಗೊತ್ತು, ಅದು ಮರಕ್ಕೆ ಮಿಸುಕಾಡಲು ಬಿಟ್ಟ ಜಾಗ.

6. ಅರಗು ಬೆಂಕಿಗಲ್ಲ, ಸುತ್ತಿಗೆ ಕರಗಲಿ.

ಅರಗು ಕೆರ್ರಿಯಾ ಲ್ಯಾಕ್ಕಾ ಎಂಬ ಪುಟ್ಟ ಹುಳು ಮುತ್ತುಗ, ಎಲಚಿ, ಕುಸುಮದಂಥ ಮರಗಳ ಎಳೆ ಕೊಂಬೆಯ ಮೇಲೆ ಸ್ರವಿಸುವ ರಾಳ. ನಮ್ಮ ದೇಶದಲ್ಲಿ ಇದರ ಬೆಳೆ ಹೆಚ್ಚಾಗಿ ಜಾರ್ಖಂಡ್, ಛತ್ತೀಸಗಡದ ಕಡೆ. ಅದನ್ನು ಮೆತ್ತಗೆ ಕಾಯಿಸಿ, ಬಣ್ಣ ಹಾಕಿ ನಾದಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ.

ಸಾಲಿನಲ್ಲಿರುವ ಸುತ್ತು ಎಂದರೆ ಲೇತಿನ ಸುತ್ತು: ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗುತ್ತದೆ. 75–80 ಡಿಗ್ರಿ ಸಾಕು. ಮೊದಲು ಬರುವುದು ಪಟ್ಟೆಪಟ್ಟೆಯಾದ, ಒರಟಾದ ಬಣ್ಣ. ಆಗ ತಾಳೆಗರಿಯ ತುಂಡನ್ನು ಮಡಿಸಿ ಒತ್ತಿ ಹಿಡಿದರೆ ಅರಗು ಮತ್ತೆ ಕರಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಒತ್ತಡ ಹೆಚ್ಚಾದರೆ ಬಣ್ಣ ಕಪ್ಪಿಡುತ್ತದೆ, ಕಡಿಮೆಯಾದರೆ ಗೀರುಗೀರಾಗಿ ನಿಲ್ಲುತ್ತದೆ.

ಮಿಕ್ಕ ಮರಕ್ಕೆ ಬೇಕಾದ ಎಚ್ಚರ ಎರಡು. ತೇಗದಂಥ ದೊಡ್ಡ ರಂಧ್ರದ ಮರದಲ್ಲಿ ಅರಗು ತೂತಿಗಿಳಿದು ಮೇಲ್ಮೈ ಚುಕ್ಕೆಚುಕ್ಕೆಯಾಗುತ್ತದೆ. ಅಂಥ ಮರಕ್ಕೆ ಬಣ್ಣವಿಲ್ಲದ ಅರಗು ಹಚ್ಚಿ ನಾರನ್ನೇ ತೋರಿಸುವುದು ಒಳ್ಳೆಯದು. ಕಂಠಕ್ಕೆ, ಮುಚ್ಚಳದ ಒಳಬಾಯಿಗೆ ಯಾವ ಮರವಾದರೂ ಅರಗು ಬೇಡ. ಹಚ್ಚಿದರೆ ದಪ್ಪ ಕೂಡಿಕೊಂಡು ಅಳತೆ ಕೆಡುತ್ತದೆ, ಸೆಕೆಗೆ ಅಂಟುತ್ತದೆ. ಕೊಂಡವರಿಗೂ ಒಂದು ಮಾತು ಹೇಳಬೇಕು: ಸ್ಯಾನಿಟೈಸರು, ಸೆಂಟು ತಾಕಿದರೆ ಅರಗು ಕರಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೆತ್ತಗಾಗುತ್ತದೆ.

7. ಬಿಗಿ ಎಷ್ಟೆಂದು ತೆರೆಯುವ ಕೈಯನ್ನು ಕೇಳು.

ಹೊಸಬರ ಹೆಮ್ಮೆಯೆಲ್ಲ ಬಿಗಿಯಲ್ಲಿ. ಮುಚ್ಚಳ ಎಳೆದರೆ ಟಪ್ ಎಂದು ಸದ್ದು ಬರಬೇಕು, ಎತ್ತಿ ಹಿಡಿದರೆ ಇಡೀ ಭರಣಿ ಜೊತೆಗೇ ಏಳಬೇಕು. ಷೋಕೇಸಿನಲ್ಲಿಡುವ ಭರಣಿಗೆ ಅದೇ ಸರಿ. ದೇವರ ಮುಂದೆ ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದು ಇನ್ನೊಂದು ಕೈಯಿಂದ ಕುಂಕುಮ ತೆಗೆಯುವವರಿಗೆ ಆ ಬಿಗಿ ಉಪದ್ರವ. ಅವರಿಗೆ ಮುಚ್ಚಳ ಎರಡು ಬೆರಳಿಗೆ ಸಲೀಸಾಗಿ ಬರಬೇಕು, ಬಿಟ್ಟರೆ ತಾನಾಗಿ ಕೂರಬೇಕು. ಲವಂಗ, ಏಲಕ್ಕಿ ತುಂಬಿಡುವುದಾದರೆ ಬಿಗಿ ಇವೆರಡರ ನಡುವೆ.

ಋತುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಷಾಢದ ತೇವದಲ್ಲಿ ಬಿಗಿಯಾಗಿ ಕೂರಿಸಿದ ಮುಚ್ಚಳ ಫಾಲ್ಗುಣದ ಹೊತ್ತಿಗೆ ಸಡಿಲವಾದೀತು. ಬೇಸಿಗೆಯಲ್ಲಿ ಬಿಗಿಯಾಗಿ ಮಾಡಿದ್ದು ಮಳೆಗಾಲದಲ್ಲಿ ತೆರೆಯದೆ ಹೋದೀತು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸಡಿಲವೇ ಮೇಲು. ಸಡಿಲ ಮುಚ್ಚಳ ಸುಮ್ಮನೆ ಅಲುಗಾಡುತ್ತದೆ, ಬಿಗಿದುಕೊಂಡದ್ದನ್ನು ಎಳೆದರೆ ಕಂಠ ಸೀಳುತ್ತದೆ.

ಕೊನೆಯ ಶಂಕೆ ಕೊಳ್ಳುವವರದು: ಒಲೆಗೆ ಹೋಗಬೇಕಿದ್ದ ತುಂಡಿಗೆ ಇಷ್ಟು ಬೆಲೆಯೇ? ತುಂಡಿಗೆ ಕೊಟ್ಟದ್ದು ಏನೂ ಇಲ್ಲದಿರಬಹುದು. ಅಳತೆಗೆ ಕೊಯ್ದು, ಒಣಗಿಸಿ ತಂದ ಹೊಸ ಮರದಲ್ಲಿ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಮಿಕ್ಕ ಮರದಲ್ಲಿ ಆರಿಸುವುದು, ತೂಗುವುದು, ಕಾಯುವುದು, ಎರಡನೇ ಸಲ ಕಡೆಯುವುದು ಎಲ್ಲವೂ ಕಡೆಯುವವರ ತಲೆಗೇ ಬರುತ್ತದೆ, ಸೀಳಿಹೋದ ತುಂಡುಗಳ ಲೆಕ್ಕವೂ ಅದರೊಳಗೇ. ಕೇಳುವ ಬೆಲೆ ಆ ಕೆಲಸದ್ದು. ಅದನ್ನು ಬಿಟ್ಟು ಅಗ್ಗಕ್ಕೆ ಕೊಟ್ಟ ಭರಣಿಯನ್ನು ಕೊಳ್ಳುವ ಮುನ್ನ ಮುಚ್ಚಳವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲೂ ತಡೆಯದೆ ತಿರುಗಿದರೆ ಮಾತ್ರ ದುಡ್ಡು ಕೊಡಿ.