ಕಡಿಮೆ ಕಾಸಿನ ದೊಡ್ಡ ದಿಗಿಲು

ಉಪೇಂದ್ರ ನಿರ್ದೇಶನದ ‘ಶ್!’ (1993) ಎಷ್ಟು ಸಲ ನೋಡಿದರೂ ನನಗೆ ಅಚ್ಚರಿಯೇ. ಶೂಟಿಂಗಿಗೆ ಹೋದ ಸಿನಿಮಾ ತಂಡಕ್ಕೇ ದೆವ್ವದ ಭಯ! ಹಾಗಾಗಿ ಲೈಟು, ಕ್ಯಾಮೆರಾ, ಮೇಕಪ್ಪು, ಯೂನಿಟ್ಟಿನವರ ತಮಾಷೆ, ಎಲ್ಲವೂ ಕಥೆಯ ಸಾಮಾನೇ ಆಗಿಬಿಡುತ್ತವೆ. ದುಬಾರಿ ಸೆಟ್ಟಿನ ಹಂಗಿಲ್ಲ. ಎಂಥ ಜಾಣತನ! ಕೇಳಿದ ಚೀರಾಟ ನಟನೆಯದೋ, ನಿಜದ್ದೋ ತಿಳಿಯದೆ, ನಗುತ್ತ ಕೂತವರು ಗಪ್‌ಚಿಪ್ ಆಗುತ್ತಾರೆ. ಆಗಿನ್ನೂ ಹೊಸಬರಾಗಿದ್ದ ಸಾಧು ಕೋಕಿಲರ ಸಂಗೀತ ಬೇರೆ. ನಮ್ಮ ಇಟ್ಟಂಗಿಹಾಳದ ಮನೆಯಲ್ಲಿ ರಾತ್ರಿ ಹಾಕಿದರೆ, ಹೊಲದ ಕಡೆಯ ಗಾಳಿಯೂ ಅದಕ್ಕೆ ದನಿಗೂಡಿಸುತ್ತದೆ.

ಅಮೆರಿಕದ ‘ರಿ-ಅನಿಮೇಟರ್’ನಲ್ಲೂ (1985) ಇದೇ ಜಾತಿಯ ಕೈಚಳಕ: ಹೆಣ ಎಬ್ಬಿಸುವ ಹುಚ್ಚು ವಿಜ್ಞಾನಿಯ ಹಸಿರು ಔಷಧಿಗೆ ಚಿತ್ರತಂಡ ಬಳಸಿದ್ದು ಗ್ಲೋ ಸ್ಟಿಕ್ಕಿನೊಳಗಿನ ಹೊಳೆಯುವ ದ್ರವ.

1995ರಲ್ಲಿ ‘ಓಂ’ ಮಾಡಿದ ಉಪೇಂದ್ರರ ಕೈ ಪಳಗಿದ್ದು ‘ಶ್!’ನಲ್ಲೇ ಅಂತ ನನ್ನ ಗಟ್ಟಿ ನಂಬಿಕೆ.