ಸೌದೆ ಒಡೆಯುವ ಕೊಡಲಿ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಹಿಂದೆ ಇರುವುದು ಒಂದು ಕೊಡಲಿಯ ಕಥೆ. ತಾಯಿ ರೇಣುಕೆಯ ತಲೆ ಕಡಿದ ಪರಶುರಾಮ ಎಷ್ಟು ನದಿಗಳಲ್ಲಿ ತೊಳೆದರೂ ಕೊಡಲಿಯ ಮೇಲೆ ರಕ್ತದ ಕಲೆ ಎಳ್ಳಿನಷ್ಟು ಉಳಿದೇ ಇತ್ತು, ಅದು ಬಿಟ್ಟುಹೋದದ್ದು ಇಲ್ಲಿಯ ತುಂಗೆಯಲ್ಲಿ ಎನ್ನುತ್ತದೆ ಸ್ಥಳಪುರಾಣ. ರಾಮೇಶ್ವರ ದೇವಸ್ಥಾನದ ಬಳಿ ಆ ದಿನ ಜನ ಹೊಳೆಯಲ್ಲಿ ಮೀಯುತ್ತಾರೆ. ಪಟಗಳಲ್ಲಿ ಪರಶುರಾಮನ ಕೈಯಲ್ಲಿ ಕಾಣುವುದು ಅಗಲ ಬಾಯಿಯ, ತೆಳು ಅಲಗಿನ ಕೊಡಲಿ. ಅದು ಕಡಿಯುವುದಕ್ಕೆ ಇರುವಂಥದ್ದು. ಮಲೆನಾಡಿನ ಮನೆಗಳಲ್ಲಿ ವರ್ಷವಿಡೀ ನೀರು ಕಾಯಿಸಲು, ಅಡಿಕೆ ಬೇಯಿಸಲು ಸೌದೆ ಒಡೆಯುವ ಕೊಡಲಿ ಅದಲ್ಲ. ಈ ವಾರ ನಾನು ಬರೆಯಹೊರಟಿರುವುದು ಈ ಎರಡನೆಯದರ ಬಗ್ಗೆ.

ಅಡಿಕೆ ಕೊಯ್ಲು ಮುಗಿದು ಬೇಯಿಸುವ ಹಂಡೆ ಒಲೆಯಿಂದ ಇಳಿಯಿತೆಂದರೆ ಸಾಗರದಿಂದ ವರದಹಳ್ಳಿಯ ಶ್ರೀಧರಾಶ್ರಮಕ್ಕೆ ಹೋಗುವ ದಾರಿಯ ಆಚೀಚಿನ ಊರುಗಳಲ್ಲಿ ಸೌದೆಯ ಕೆಲಸ ಶುರುವಾಗುತ್ತದೆ. ಶಿವರಾತ್ರಿಯಿಂದ ಮೃಗಶಿರಾ ಮಳೆಯವರೆಗೆ ಇರುವ ಅವಧಿಯಲ್ಲೇ ಕುಂಟೆಗಳನ್ನು ಒಡೆದು, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಬೇಕು. ಕಾರಣ ಇಲ್ಲಿಯ ಮಳೆ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಹೊಸನಗರ ತಾಲ್ಲೂಕಿನಲ್ಲಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಿವು. ಸಾಗರದ ಮಳೆ ಅಷ್ಟಿಲ್ಲದಿದ್ದರೂ ಜೂನ್ ಬಂತೆಂದರೆ ಹೊರಗಿಟ್ಟ ಸೌದೆ ಮತ್ತೆ ದೀಪಾವಳಿಯವರೆಗೆ ಒಣಗುವುದಿಲ್ಲ.

ಒಣಗದ ಸೌದೆ ಏಕೆ ನಷ್ಟವೆಂದರೆ, ಅದರೊಳಗಿನ ಪ್ರತಿ ಕಿಲೋ ನೀರನ್ನು ಆವಿಯಾಗಿಸುವುದಕ್ಕೇ ಸುಮಾರು 540 ಕಿಲೋ ಕ್ಯಾಲರಿ ಶಾಖ ಹೋಗುತ್ತದೆ. ಅದನ್ನು ಕುದಿಯುವ ಮಟ್ಟಕ್ಕೆ ತರುವ ಲೆಕ್ಕ ಬೇರೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಮರದೊಳಗಿನ ನೀರು ಹೊರಗೆ ಬರುವುದು ಹೆಚ್ಚಾಗಿ ಕೊರಡಿನ ಎರಡು ತುದಿಗಳಿಂದ. ಸಿಪ್ಪೆಯ ಮೂಲಕ ಬರುವುದು ತೀರ ಕಡಿಮೆ. ಹಾಗಾಗಿ ಇಡೀ ಕುಂಟೆ ಎರಡು ಬೇಸಿಗೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಅದನ್ನೇ ನಾಲ್ಕು ಹೋಳಾಗಿ ಸಿಗಿದು ಮಾರ್ಚ್ ಬಿಸಿಲಿಗೆ ಹಾಕಿದರೆ ಮಳೆಗಾಲಕ್ಕೆ ಉರಿಯುವ ಸೌದೆಯಾಗುತ್ತದೆ. ಚೆನ್ನಾಗಿ ಒಡೆದ ಸೌದೆ ಕಡಿಮೆ ಸಾಕು. ಕಡಿಮೆ ಸಾಕಾದರೆ ಬೆಟ್ಟದ ಮರ ಉಳಿಯುತ್ತದೆ. ಒಡೆಯುವ ಕೊಡಲಿಯ ಬಗ್ಗೆ ನನಗಿರುವ ಕಾಳಜಿಗೆ ಮೊದಲ ಕಾರಣವೇ ಇದು.

ಇಷ್ಟಾದರೂ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಕೊಡಲಿ. ಗೆಲ್ಲು ಕಡಿಯುವುದಕ್ಕೂ ಅದೇ, ಕುಂಟೆ ಒಡೆಯುವುದಕ್ಕೂ ಅದೇ. ಕಡಿಯುವ ಕೊಡಲಿ ನಾರನ್ನು ಅಡ್ಡಲಾಗಿ ತುಂಡರಿಸಬೇಕು, ಅದಕ್ಕೆ ತೆಳು ಕೆನ್ನೆ (ಅಲಗಿನ ಎರಡು ಪಕ್ಕ), ಹರಿತವಾದ ಬಾಯಿ ಬೇಕು. ಒಡೆಯುವ ಕೊಡಲಿ ನಾರನ್ನು ಕತ್ತರಿಸುವುದಿಲ್ಲ, ನಾರಿನಿಂದ ನಾರನ್ನು ದೂರ ತಳ್ಳುತ್ತದೆ. ಬಾಯಿ ಒಳಹೊಕ್ಕು ದಾರಿ ತೆರೆದರೆ ಸಾಕು, ಉಳಿದ ಕೆಲಸವೆಲ್ಲ ಕೆನ್ನೆಯದು. ತೆಳು ಕೊಡಲಿಯಿಂದ ಕುಂಟೆಗೆ ಹೊಡೆದರೆ ಅದು ಆಳಕ್ಕೆ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾವನ್ನು ಅತ್ತಿತ್ತ ಅಲ್ಲಾಡಿಸಿ ಎಳೆಯುವಾಗ ಕಾವು ಸಡಿಲವಾಗುತ್ತದೆ, ಮಧ್ಯಾಹ್ನದೊಳಗೆ ಸೊಂಟವೂ ಸೋಲುತ್ತದೆ.

ಅಂಗಡಿಯಲ್ಲಿ ಕೊಡಲಿ ಆರಿಸುವಾಗ ಬಾಯಿ ಮೇಲಾಗಿ ಹಿಡಿದು ತುದಿಯಿಂದ ನೋಡಿ. ಬಾಯಿಂದ ಎರಡು ಬೆರಳು ಹಿಂದೆ ಅದರ ದಪ್ಪ ಒಂದು ಬೆರಳಿಗೆ ಕಡಿಮೆ ಇರಬಾರದು. ಕೆನ್ನೆ ತುಸು ಉಬ್ಬಿರಬೇಕು. ಒಳಕ್ಕೆ ತಗ್ಗಾಗಿದ್ದರೆ ಮರಕ್ಕೆ ಅಂಟಿಕೊಳ್ಳುತ್ತದೆ. ಬಾಯಿ ಅಗಲವಾಗಿರಬೇಕಾದ ಅಗತ್ಯವೇ ಇಲ್ಲ, ಮೂರು ಬೆರಳಿನಿಂದ ನಾಲ್ಕು ಬೆರಳು ಸಾಕು. ಒಂದೇ ಪೆಟ್ಟು ಸಣ್ಣ ಜಾಗದಲ್ಲಿ ಬಿದ್ದಷ್ಟೂ ಅದರ ಒತ್ತಡ ಜಾಸ್ತಿ.

ಆದರೆ ನನ್ನನ್ನು ಕೇಳಿದರೆ ಅಂಗಡಿಗಿಂತ ಕುಲುಮೆಗೆ ಹೋಗುವುದೇ ಸರಿ. ಕುಲುಮೆಗಳು ಕಡಿಮೆಯಾಗಿವೆ ನಿಜ, ಆದರೆ ಆಚಾರಿಯೊಬ್ಬರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಾಯಿಗೆ ಸೇರಿಸಿ ಮಾಡಿಕೊಟ್ಟ ಕೊಡಲಿಗೆ ಸಮನಾದದ್ದು ಪೇಟೆಯಲ್ಲಿ ಅಪರೂಪ. ಹದ ಕೊಡುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಕೆಂಪಗೆ ಕಾಯಿಸಿದ ತಲೆಯ ಬಾಯಿ ಭಾಗವನ್ನಷ್ಟೇ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ತೆಗೆಯುತ್ತಾರೆ. ಆಗ ಬಾಯಿ ಎಷ್ಟು ಗಡಸಾಗಿರುತ್ತದೆಂದರೆ ಹಾಗೇ ಬಿಟ್ಟರೆ ಮೊದಲ ಗಂಟಿಗೇ ಚಕ್ಕೆ ಹಾರುತ್ತದೆ. ಹಿಂಭಾಗದಲ್ಲಿ ಮಾತ್ರ ಇನ್ನೂ ಬಿಸಿ ಉಳಿದಿರುತ್ತದೆ. ಬಾಯಿಯನ್ನು ಕಲ್ಲಿಗೆ ಒಂದೆರಡು ಸಲ ಉಜ್ಜಿ ಹೊಳಪು ಮಾಡಿ ಕಾಯುತ್ತಾರೆ. ಹಿಂದಿನ ಬಿಸಿ ನಿಧಾನವಾಗಿ ಮುಂದಕ್ಕೆ ಹರಿಯುತ್ತದೆ, ಅದರ ಜೊತೆ ಬಣ್ಣವೂ ಹರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್. ಆಮೇಲೆ 260ರ ಹೊತ್ತಿಗೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಹರಿತ ಹಿಡಿಯುತ್ತದೆ, ಆದರೆ ಪೆಟ್ಟು ತಡೆಯುವುದಿಲ್ಲ. ಒಡೆಯುವ ಕೊಡಲಿಗೆ ಕಂದು ದಾಟಿ ನೇರಳೆ ಮೂಡುವ ಹೊತ್ತಿಗೆ ಮತ್ತೆ ಅದ್ದಿ ನಿಲ್ಲಿಸಬೇಕು. ಥರ್ಮಾಮೀಟರ್ ಇಲ್ಲದೆ, ಕುಲುಮೆಯ ಮಬ್ಬು ಬೆಳಕಿನಲ್ಲಿ, ಆ ಬಣ್ಣವನ್ನು ಕಣ್ಣಳತೆಯಲ್ಲೇ ಹಿಡಿಯುವ ವಿದ್ಯೆಗೆ ನಾನು ತಲೆಬಾಗುತ್ತೇನೆ. ಕುಲುಮೆಯ ಮಬ್ಬೂ ಕೆಲಸಕ್ಕೆ ಬೇಕಾದದ್ದೇ. ಕಾದ ಕಬ್ಬಿಣದ ಕೆಂಪನ್ನು ಬಿಸಿಲಿನಲ್ಲಿ ಅಳೆಯಲಾಗುವುದಿಲ್ಲ.

ಇನ್ನು ಕಾವು. ಅಮೆರಿಕದವರು ಹಿಕರಿ ಮರವನ್ನು, ಯುರೋಪಿನವರು ಆ್ಯಶ್ ಮರವನ್ನು ಹೊಗಳುತ್ತಾರೆ. ನಮ್ಮ ದಡಸಲು ಅವೆರಡಕ್ಕೂ ಸರಿಸಾಟಿ. ಬಾಗಿದರೂ ಮುರಿಯದ, ಪೆಟ್ಟಿನ ಅದುರನ್ನು ಕೈಗೆ ಬಿಡದೆ ತಾನೇ ನುಂಗುವ ಮರ ಅದು. ದಿಂಡಿಗವೂ ಗಟ್ಟಿ, ಆದರೆ ಕೈಗೆ ತುಸು ಭಾರ. ಯಾವ ಮರವಾದರೂ ನೋಡಬೇಕಾದದ್ದು ನಾರಿನ ದಿಕ್ಕನ್ನು. ಅದು ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಓಡಬೇಕು. ನಡುವೆ ಪಕ್ಕಕ್ಕೆ ಹೊರಳಿ ಹೊರಗೆ ಹೋಗಿದ್ದರೆ ಅಲ್ಲೇ ಒಂದು ದಿನ ಸೀಳುತ್ತದೆ. ಬಣ್ಣ ಬಳಿದ ಕಾವನ್ನು ನಾನು ಕೊಳ್ಳುವುದೇ ಇಲ್ಲ, ಬಣ್ಣದಡಿಯಲ್ಲಿ ಗಂಟು ಅಡಗಿರುತ್ತದೆ.

ಕಾವು ಉದ್ದವಿದ್ದರೆ ಅಪಾಯ, ಗಿಡ್ಡವಿದ್ದರೆ ಹಿಡಿತ ಎಂದು ಹಲವರು ನಂಬಿದ್ದಾರೆ. ಒಡೆಯುವ ಕೊಡಲಿಯ ಮಟ್ಟಿಗೆ ಇದು ತಿರುಗುಮುರುಗು. ಗುರಿ ತಪ್ಪಿದಾಗ ಗಿಡ್ಡ ಕಾವಿನ ಕೊಡಲಿ ಬಂದು ನಿಲ್ಲುವುದು ಮೊಣಕಾಲಿನ ಕೆಳಗೆ. ಉದ್ದ ಕಾವಿನದ್ದು ನಮಗಿಂತ ಮುಂದೆ ನೆಲಕ್ಕೆ ಬಡಿಯುತ್ತದೆ. ಎರಡೂವರೆಯಿಂದ ಮೂರು ಅಡಿ ಇರಲಿ. ತಲೆಯ ತೂಕ ಒಂದೂವರೆಯಿಂದ ಎರಡು ಕಿಲೋ ಸಾಕು. ನಾಲ್ಕು ಕಿಲೋದ ಕೊಡಲಿ ನೋಡಲು ಗಂಭೀರ. ಆದರೆ ಪೆಟ್ಟಿನ ಶಕ್ತಿ ತೂಕದ ಜೊತೆ ಅಷ್ಟಕ್ಕಷ್ಟೇ ಏರಿದರೆ, ವೇಗದ ಜೊತೆ ಅದರ ವರ್ಗದಷ್ಟು ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಎತ್ತಲು ತಿಣುಕಬೇಕಾದ ಕೊಡಲಿಗೆ ವೇಗ ಬರುವುದು ಎಲ್ಲಿಂದ?

ಈಗ ಆನ್‌ಲೈನ್‌ನಲ್ಲಿ ವಿದೇಶಿ ಕೊಡಲಿಗಳೂ ಸಿಗುತ್ತವೆ. ಫಿನ್‌ಲ್ಯಾಂಡಿನ ಫಿಸ್ಕಾರ್ಸ್ 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾದದ್ದು, ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ 1902ರದ್ದು. ಎರಡೂ ಒಳ್ಳೆಯ ಸಾಮಾನುಗಳೇ. ಫಿಸ್ಕಾರ್ಸ್‌ನ ಟೊಳ್ಳು ಕಾವು ಹಗುರ, ಹಾಗಾಗಿ ಇಡೀ ತೂಕ ತಲೆಯಲ್ಲೇ ಉಳಿಯುತ್ತದೆ. ವೇಗದ ಲೆಕ್ಕವನ್ನು ಅವರು ಚೆನ್ನಾಗಿ ಅರಿತಿದ್ದಾರೆ. ಆದರೆ ಆ ಕಾವನ್ನು ತಲೆಯ ಸುತ್ತಲೇ ಎರಕ ಹೊಯ್ದಿರುತ್ತಾರೆ. ಮುರಿದರೆ ವರದಹಳ್ಳಿಯಲ್ಲಿ ಬೇರೆ ಕಾವು ಹಾಕುವಂತಿಲ್ಲ. ತಲೆ ಗಟ್ಟಿಯಿದ್ದೂ ಕೊಡಲಿ ಮೂಲೆ ಸೇರಬೇಕಾಗುವುದು ನನಗೆ ಒಪ್ಪಿಗೆಯಿಲ್ಲ.

ಕೊಡಲಿ ಎಷ್ಟೇ ಚೆನ್ನಾಗಿರಲಿ, ಅಡಿಯಲ್ಲಿ ಒಳ್ಳೆಯ ಕೊರಡಿಲ್ಲದಿದ್ದರೆ ಕೆಲಸ ಕೆಡುತ್ತದೆ. ನಮ್ಮ ಅಂಗಳದ ನೆಲದಲ್ಲಿ ಜಂಬಿಟ್ಟಿಗೆಯ ಹರಳುಗಳೇ ಹೆಚ್ಚು. ಅದಕ್ಕೆ ತಾಗಿದ ಬಾಯಿಯನ್ನು ಸರಿಮಾಡಲು ಅರದಿಂದ ಅರ್ಧ ಗಂಟೆ ಉಜ್ಜಬೇಕು. ಮಂಡಿಗಿಂತ ತಗ್ಗಾದ, ಅಗಲವಾದ ಒಂದು ಕೊರಡನ್ನು ಖಾಯಂ ಆಗಿ ಇಟ್ಟುಕೊಳ್ಳಿ. ಅದರ ಮೇಲೆ ಹಳೆಯ ಟೈರೊಂದನ್ನು ಕಟ್ಟಿ ಕುಂಟೆಯನ್ನು ಅದರೊಳಗೆ ನಿಲ್ಲಿಸಿದರೆ ಹೋಳುಗಳು ಸಿಡಿಯುವುದಿಲ್ಲ, ಬಗ್ಗಿ ಎತ್ತಿಡುವ ಕೆಲಸವೂ ತಪ್ಪುತ್ತದೆ. ಬರಿಗಾಲಲ್ಲಿ ಈ ಕೆಲಸ ಖಂಡಿತ ಬೇಡ.

ಹೊಡೆಯುವ ಮೊದಲು ಕುಂಟೆಯ ಮುಖ ನೋಡಿ. ನಡುವಿನಿಂದ ಹೊರಕ್ಕೆ ಹೋದ ಬಿರುಕು ಕಂಡರೆ ಅದರ ನೇರಕ್ಕೇ ಪೆಟ್ಟು. ಗಂಟುಗಳಿದ್ದರೆ ಅವು ಕೆಳಕ್ಕೆ ಬರುವಂತೆ ನಿಲ್ಲಿಸಿ. ದಪ್ಪ ಕುಂಟೆಯ ನಡುವಿಗೆ ಹೊಡೆಯಬೇಡಿ. ಅಂಚಿನಿಂದ ಒಂದೊಂದೇ ಚಕ್ಕೆ ಎಬ್ಬಿಸುತ್ತ ಸುತ್ತಿ ಬಂದರೆ ನಡುಭಾಗ ತಾನಾಗಿ ಸಣ್ಣದಾಗುತ್ತದೆ. ಕೊಡಲಿಗೆ ಜಗ್ಗದ ಕುಂಟೆಗೆ ಕಬ್ಬಿಣದ ಬೆಣೆ ಇದೆ, ಅದಕ್ಕೆ ಚಮ್ಮಟಿಗೆ ಇದೆ. ಕೊಡಲಿಯ ಹಿಂಭಾಗದಿಂದ ಬೆಣೆ ಬಡಿಯುವ ರೂಢಿ ಬಿಡಬೇಕು, ಕಾವು ಕೂರುವ ಕಣ್ಣು ಅದರಿಂದ ಹಿಗ್ಗುತ್ತದೆ. ಬೆಣೆಯ ತಲೆ ಬಡಿತ ತಿಂದು ಅರಳಿದ್ದರೆ ಆ ಅಂಚನ್ನು ಉಜ್ಜಿ ತೆಗೆಸಿ. ಅಲ್ಲಿಂದ ಹಾರಿದ ಚೂರು ಕಣ್ಣು ಹೊಕ್ಕರೆ ಮತ್ತೆ ಮಾತಿಲ್ಲ.

ಸೌದೆಯ ಮರಗಳೂ ಬದಲಾಗಿವೆ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆದ ನೆಡುತೋಪುಗಳ ಜೊತೆ ಹಬ್ಬಿದ ಅಕೇಶಿಯಾ ಈಗ ಬೇಲಿ, ಬ್ಯಾಣ ಎಲ್ಲೆಡೆ ಇದೆ. ಕಾಡಿನ ಬಗ್ಗೆ ಕಾಳಜಿಯುಳ್ಳವರಿಗೆ ಅದರ ಮೇಲೆ ಸಿಟ್ಟಿದೆ, ನನಗೂ ಇದೆ. ಆದರೆ ಒಲೆಗೆ ಅದು ಒಳ್ಳೆಯ ಸೌದೆ. ಮತ್ತಿ, ಹುಣಾಲು, ಜಂಬೆಗಳಿಗೆ ಕೊಡಲಿ ಹಾಕುವ ಬದಲು ಅಕೇಶಿಯಾ ಉರಿಸಿದರೆ ನಷ್ಟವೇನಿಲ್ಲ. ಹಸಿ ಇದ್ದಾಗಲೇ ಒಡೆಯಿರಿ. ಒಣಗಿದ ಮೇಲೆ ಅದರ ತಿರುಚಿದ ಬೊಡ್ಡೆ ಹಟ ಹಿಡಿಯುತ್ತದೆ. ಬೆಟ್ಟದಿಂದ ಬಿದ್ದ ಮರ ತರುವವರು ಹೊಲಗೇರನ್ನು ಮಾತ್ರ ಗುರುತಿಸಿ ದೂರವಿಡಬೇಕು. ಅದರ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಒಡೆಯುವಾಗ ಹಾರುವ ಚಕ್ಕೆ ಮುಖಕ್ಕೇ ಬರುವಂಥದ್ದು.

ಎಷ್ಟು ಸಣ್ಣಕ್ಕೆ ಸಿಗಿಯಬೇಕು ಎಂಬುದನ್ನು ಹೇಳುವುದು ಒಲೆ. ಬಚ್ಚಲ ಹಂಡೆಯ ಒಲೆಗೆ ತೊಡೆ ದಪ್ಪದ ಹೋಳು ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಗೆ ಅಂಥದ್ದು ತುರುಕಿದರೆ ಹೊಗೆಯೇ ಗತಿ. ಅದರ ಸಣ್ಣ ಬಾಯಿಗೆ ಎರಡು ಬೆರಳು ದಪ್ಪದ ಒಣ ಸೀಳು ಬೇಕು. ಒಲೆ ಸರಿಯಿಲ್ಲ ಎಂದು ಒಡೆದು ಹಾಕಿದ ಮನೆಗಳಲ್ಲಿ ಎಷ್ಟರಲ್ಲೋ ತಪ್ಪು ಸೌದೆಯದ್ದಾಗಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದಾಗಿ, ಕಾವು ಸಡಿಲವಾದಾಗ ಕೊಡಲಿಯನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಹಾಕುವ ಅಭ್ಯಾಸದ ಬಗ್ಗೆ. ನೀರು ಕುಡಿದ ಮರ ಉಬ್ಬಿ ಬೆಳಗ್ಗೆ ಬಿಗಿಯಾಗುತ್ತದೆ. ಆದರೆ ಕಬ್ಬಿಣದ ಕಣ್ಣಿನೊಳಗೆ ಉಬ್ಬಲು ಜಾಗವಿಲ್ಲದೆ ಅದರ ನಾರು ಜಜ್ಜಿಹೋಗಿರುತ್ತದೆ. ಎರಡು ದಿನದ ಬಿಸಿಲಿಗೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ, ಯಾವ ಪೆಟ್ಟಿಗಾದರೂ ತಲೆ ಹಾರಬಹುದು. ಅದರ ಬದಲು ಒಣಗಿದ ಗಟ್ಟಿ ಮರದ ಬೆಣೆಯೊಂದನ್ನು ಬಡಿದು, ತುದಿಗೆ ಅಗಸೆ ಎಣ್ಣೆ ಉಣಿಸಿ. ಮಳೆಗಾಲದಲ್ಲಿ ಕೊಡಲಿಯನ್ನು ನೆಲಕ್ಕೆ ಒರಗಿಸಿಡಬೇಡಿ, ವರಲೆ ಹಿಡಿಯುತ್ತದೆ. ಅಡಿಗೆಮನೆಯ ಹೊಗೆ ಆಡುವ ಕಡೆ ತೂಗುಹಾಕಿ. ಮುಂದಿನ ವರ್ಷಕ್ಕೆ ಹೊಸ ಕಾವು ಬೇಕಾದವರು ದಡಸಲಿನ ಗೆಲ್ಲನ್ನು ಈಗಲೇ ಹೊಂದಿಸಿ ನೆರಳಿನಲ್ಲಿ ಒಣಗಲು ಬಿಡಿ. ಹಸಿ ಕಾವು ಹಾಕಿದರೆ ಚೈತ್ರ ಮುಗಿಯುವುದರೊಳಗೆ ಅದೂ ಅಲ್ಲಾಡತೊಡಗುತ್ತದೆ.